ಇಲಿಗಳಲ್ಲಿ ಕ್ಯಾಟಲೇಸ್ ಕಿಣ್ವದ ಆನುವಂಶಿಕತೆ: ಒಂದು ಚಾರಿತ್ರಿಕ ವಿವೇಚನೆ

ಕಿಣ್ವವೊಂದು ವಂಶಪಾರಂಪರ್ಯವಾಗಿ ಬರುತ್ತದೆಂದರೆ, ಹಿರಿಯರಿಂದ ಸಂತತಿಗೆ ಸಲ್ಲುವುದು ಅದರ ರಚನೆ ಮಾತ್ರವೋ, ಅದರ ಆಯುಷ್ಯದ ಪರಿಮಾಣವೂ ಹೌದೋ ಎಂಬ ಪ್ರಶ್ನೆಗೆ, ಇಲಿಗಳ ಕ್ಯಾಟಲೇಸನ್ನು ಕುರಿತ ಶೋಧನೆಗಳಲ್ಲಿ ದೊರೆತಷ್ಟು ವಿಶದವಾದ ಉತ್ತರವು ಅನ್ಯತ್ರ ದೊರೆತುದು ವಿರಳ. ಜೀವಕೋಶಗಳ ವ್ಯಾಪಾರದಿಂದಲೇ ಹುಟ್ಟಿ ಅವುಗಳನ್ನೇ ಕೆಡಿಸಬಲ್ಲ ಜಲಜನಕದ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕಗಳಾಗಿ ಒಡೆಯುವ ಈ ಉತ್ಕರ್ಷಣ ನಿರೋಧಕ ಕಿಣ್ವವನ್ನು ಸಮ್ನರ್ ಮತ್ತು ಡೌನ್ಸ್ ಎಂಬ ವಿಜ್ಞಾನಿಗಳು 1937ರಲ್ಲಿ ದನದ ಯಕೃತ್ತಿನಿಂದ ಹರಳುರೂಪದಲ್ಲಿ ಪಡೆದಿದ್ದರು. ಆದರೆ ಅದರ ಆನುವಂಶಿಕತೆಯ ಚರಿತ್ರೆಯು ಆರಂಭವಾದುದು ಪ್ರಯೋಗಶಾಲೆಯಲ್ಲಲ್ಲ, ಚಿಕಿತ್ಸಾಲಯದಲ್ಲಿ.

1946ರಲ್ಲಿ ಜಪಾನಿನ ಒಕಾಯಾಮಾದ ವೈದ್ಯರಾದ ಶಿಗೆಓ ತಕಹಾರಾ ಅವರು, ಬಾಯಲ್ಲಿ ಕೊಳೆತ ವ್ರಣವಿದ್ದ ಬಾಲಕಿಯೊಬ್ಬಳಿಗೆ ಶಸ್ತ್ರಚಿಕಿತ್ಸೆ ನಡೆಸಿ ಗಾಯವನ್ನು ಪೆರಾಕ್ಸೈಡಿನಿಂದ ತೊಳೆದಾಗ, ಏಳಬೇಕಾದ ನೊರೆಯು ಏಳದೆ ರಕ್ತವು ಕಪ್ಪುಗಂದು ಬಣ್ಣಕ್ಕೆ ತಿರುಗಿತು. ಆಕೆಯ ರಕ್ತದಲ್ಲಿ ಕ್ಯಾಟಲೇಸ್ ಇಲ್ಲವೆಂದೂ ಈ ಅಭಾವವು ವಂಶಾನುಗತವೆಂದೂ ಮುಂದೆ ಸಿದ್ಧವಾಯಿತು. ಅಸಾಮಾನ್ಯವಾದುದನ್ನು ಕಂಡು ಅಲ್ಲಿಗೇ ಬಿಡದೆ ಅದರ ಕಾರಣವನ್ನು ಅರಸಿದ ಆ ವೈದ್ಯರ ಅವಧಾನವು ನಿಜಕ್ಕೂ ಶ್ಲಾಘ್ಯವಾದುದು.

ಅತ್ತ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಈ ಕಿಣ್ವದ ಬಗೆಗೆ ಬೇರೊಂದು ಕಾರಣದಿಂದ ಆಸಕ್ತಿ ಹುಟ್ಟಿತ್ತು: ಗಂತಿಯುಳ್ಳ ಪ್ರಾಣಿಗಳ ಯಕೃತ್ತಿನಲ್ಲಿ ಕ್ಯಾಟಲೇಸ್ ಕುಗ್ಗುವುದನ್ನು ಗ್ರೀನ್‌ಸ್ಟೈನ್ 1940ರ ದಶಕದಲ್ಲಿ ತೋರಿಸಿದ್ದರು. ಅಲ್ಲಿಯೇ ಹೆಸ್ಟನ್ ಮತ್ತು ರೆಚ್ಸಿಗ್ಲ್ ಎಂಬವರು, ಸಿ57 ಬ್ಲ್ಯಾಕ್ ಎಂಬ ಒಂದೇ ತಳಿಯಿಂದ ಕವಲೊಡೆದ ಉಪತಳಿಗಳ ಯಕೃತ್ತಿನಲ್ಲಿ ಈ ಕಿಣ್ವದ ಪಟುತ್ವವು ಬಹಳ ಭಿನ್ನವಾಗಿರುವುದನ್ನು ಕಂಡು, ಅವುಗಳನ್ನು ಪರಸ್ಪರ ಕೂಡಿಸಿ ಸಂತತಿಯನ್ನು ಪರೀಕ್ಷಿಸಿದರು. ಕೆರೆಯ ನೀರಿನ ಮಟ್ಟವು ಒಳಹರಿವನ್ನು ಅವಲಂಬಿಸಿರುವಂತೆ ತೂಬನ್ನೂ ಅವಲಂಬಿಸಿರುವುದಷ್ಟೆ. ಹಾಗೆಯೇ ಈ ಅಂತರವು ಕಿಣ್ವದ ಉತ್ಪತ್ತಿಯ ಹೆಚ್ಚುಕಡಿಮೆಯಿಂದಲ್ಲ, ಅದರ ವಿಘಟನೆಯ ವೇಗದಿಂದ ಉಂಟಾದುದೆಂದು ಅವರು 1967ರಲ್ಲಿ ಪ್ರತಿಪಾದಿಸಿದರು. ಕಿಣ್ವದ ವೇಗವರ್ಧಕ ಶಕ್ತಿಯೂ ಅದರ ವಿಘಟನೆಯ ವೇಗವೂ ಬೇರೆಬೇರೆ ಆನುವಂಶಿಕ ನಿಯಂತ್ರಣಕ್ಕೆ ಒಳಪಟ್ಟಿವೆಯೆಂದು ಗ್ಯಾನ್‌ಶೊ ಮತ್ತು ಶಿಮ್ಕೆ 1969ರಲ್ಲಿ ನಿರೂಪಿಸಿದ ಮೇಲೆ, ವಂಶವಾಹಿಯೆಂದರೆ ನಿರ್ಮಾಣದ ಆದೇಶ ಮಾತ್ರವೆಂಬ ಭಾವನೆಗೆ ಪೂರ್ಣ ಸಮರ್ಥನೆಯಿಲ್ಲವಾಯಿತು. ಕ್ಯಾಟಲೇಸಿನ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಗಂಭೀರವಾದ ಫಲಿತಾಂಶವಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಈ ನಡುವೆ 1964ರಲ್ಲಿ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಫೈನ್‌ಸ್ಟೈನ್ ಮತ್ತು ಸಂಗಡಿಗರು, ವಿಕಿರಣಕ್ಕೊಳಗಾದ ಇಲಿಗಳ ಸಂತತಿಯಲ್ಲಿ, ರಕ್ತದ ಕ್ಯಾಟಲೇಸ್ ಅತ್ಯಲ್ಪವಾಗಿದ್ದ ಇಲಿಗಳನ್ನು ಪತ್ತೆಹಚ್ಚಿದುದನ್ನು ಪ್ರಕಟಿಸಿದರು. ವಿಚಿತ್ರವೆಂದರೆ, ರಕ್ತದಲ್ಲಿ ಹೀಗೆ ಕ್ಷಯಿಸಿದ್ದ ಕಿಣ್ವವು ಅದೇ ಇಲಿಗಳ ಯಕೃತ್ತಿನಲ್ಲಿ ಗಣನೀಯವಾಗಿ ಉಳಿದಿತ್ತು. ವಿಕೃತ ಕಿಣ್ವವು ಅಸ್ಥಿರವಾದುದೆಂದು ತಿಳಿದಾಗ ಈ ವೈಷಮ್ಯದ ಮರ್ಮವು ಬಯಲಾಯಿತು: ಯಕೃತ್ತಿನ ಕೋಶವು ಅಳಿದುದರ ಸ್ಥಾನದಲ್ಲಿ ಹೊಸದನ್ನು ನಿರಂತರವಾಗಿ ರಚಿಸಬಲ್ಲುದು, ಪಕ್ವವಾದ ಕೆಂಪು ರಕ್ತಕಣಕ್ಕಾದರೋ ಕೋಶಕೇಂದ್ರವೇ ಇಲ್ಲವಾಗಿ, ಹುಟ್ಟುವಾಗ ಪಡೆದ ಕಿಣ್ವದಿಂದಲೇ ಅದು ತನ್ನ ಸುಮಾರು 40 ದಿನಗಳ ಬಾಳನ್ನು ಕಳೆಯಬೇಕು. ಎರಡನೆಯ ವರ್ಣತಂತುವಿನಲ್ಲಿರುವ ಕ್ಯಾಟಲೇಸ್ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರವು ಪಲ್ಲಟಗೊಂಡು, ಹನ್ನೊಂದನೆಯ ಅಮೈನೊ ಆಮ್ಲವಾದ ಗ್ಲುಟಮೀನಿನ ಎಡೆಯಲ್ಲಿ ಹಿಸ್ಟಿಡೀನ್ ಬಂದಿರುವುದನ್ನು ಶ್ಯಾಫರ್ ಮತ್ತು ಪ್ರೆಸ್ಟನ್ 1990ರಲ್ಲಿ ಗುರುತಿಸಿದರು.

ಇಷ್ಟಾಗಿಯೂ ಈ ಇಲಿಗಳು ಸಾಮಾನ್ಯ ಪರಿಸ್ಥಿತಿಯಲ್ಲಿ ಆರೋಗ್ಯವಾಗಿಯೇ ಬದುಕಿದುವು. ಯಕೃತ್ತಿನಲ್ಲಿ ಉಳಿದ ಕಿಣ್ವವೇ ಅವುಗಳನ್ನು ಕಾಯುತ್ತಿತ್ತೆಂಬ ಸಮಾಧಾನಕ್ಕೂ, ವಂಶವಾಹಿಯನ್ನೇ ಸಂಪೂರ್ಣವಾಗಿ ನಿಷ್ಕ್ರಿಯಗೊಳಿಸಿದ ಇಲಿಗಳು ಸಹಜವಾಗಿ ಬೆಳೆದುವೆಂದು ಯೆ-ಶಿ ಹೋ ಮತ್ತು ಸಹೋದ್ಯೋಗಿಗಳು 2004ರಲ್ಲಿ ತೋರಿಸಿದಾಗ, ಎಡೆಯಿಲ್ಲದಾಯಿತು. ಇದಕ್ಕೆ ವಿರುದ್ಧವಾಗಿ, ಪೆರಾಕ್ಸೈಡನ್ನೇ ಎದುರಿಸುವ ಪೆರಾಕ್ಸಿರೆಡಾಕ್ಸಿನ್ 2 ಎಂಬ ಇನ್ನೊಂದು ಕಿಣ್ವವನ್ನು ಕಳೆದುಕೊಂಡ ಇಲಿಗಳಲ್ಲಿ ರಕ್ತಕಣಗಳು ಒಡೆದು ರಕ್ತಹೀನತೆಯುಂಟಾಗುವುದೆಂದು 2003ರಲ್ಲಿಯೇ ವರದಿಯಾಗಿತ್ತು. ಆದುದರಿಂದ ಕೆಂಪು ರಕ್ತಕಣದ ನಿತ್ಯದ ರಕ್ಷಣೆಯಲ್ಲಿ ಕ್ಯಾಟಲೇಸಿಗೆ ಪರಂಪರೆಯು ಕೊಟ್ಟಿದ್ದ ಅಗ್ರಸ್ಥಾನವನ್ನು, ಇಲಿಗಳ ಮಟ್ಟಿಗಾದರೂ, ಇತರ ಕಿಣ್ವಗಳೊಡನೆ ಹಂಚಿಕೊಡುವುದೇ ಯುಕ್ತವೆಂದು ತೋರುತ್ತದೆ.