ನಲ್ಲಿ ಬಂತು, ಚೌಕ ಹೋಯಿತು

ಹೊಸ ಮನೆ ಕಟ್ಟಲು ಹೊರಟವರ ಮನೆಯಲ್ಲಿ ಮೊದಲು ಏಳುವ ಮಾತು ಅಡುಗೆಮನೆ ಯಾವ ಮೂಲೆಗೆ, ದೇವರ ಕೋಣೆ ಎಲ್ಲಿ, ಹಾಲು ಎಷ್ಟು ಅಡಿ ಎನ್ನುವುದು. ನಕ್ಷೆ ನಮ್ಮ ಇಷ್ಟದ್ದು, ಹೆಚ್ಚೆಂದರೆ ಎಂಜಿನಿಯರು ಮತ್ತು ವಾಸ್ತು ಹೇಳುವವರು ಅದರಲ್ಲಿ ಕೈಯಾಡಿಸುತ್ತಾರೆ ಎಂದು ಎಲ್ಲರೂ ನಂಬಿರುತ್ತಾರೆ. ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್ ನಗರಗಳ ಮನೆಗಳ ಚರಿತ್ರೆ ನೋಡಿದರೆ ಈ ನಂಬಿಕೆ ಅಷ್ಟಾಗಿ ನಿಲ್ಲುವುದಿಲ್ಲ. ಅಲ್ಲಿ ಮನೆಯ ನಕ್ಷೆಯನ್ನು ಮೊದಲು ಬರೆದದ್ದು ಕುಡಿಯುವ ನೀರು, ಆಮೇಲೆ ತಿದ್ದಿದ್ದು ಮುನಿಸಿಪಾಲಿಟಿಯ ಕಾಯಿದೆ. ನಡುವೆ ಬಯಲು ಬಿಟ್ಟ ಹಳೆಯ ಮನೆ ಕಣ್ಮರೆಯಾದದ್ದಕ್ಕೆ ನಾವು ಸಾಮಾನ್ಯವಾಗಿ ಪರದೇಶದ ಗೀಳನ್ನೋ ಕೂಡುಕುಟುಂಬ ಒಡೆದದ್ದನ್ನೋ ದೂರುತ್ತೇವೆ. ಅವೆರಡಕ್ಕೂ ಮೊದಲು ನಲ್ಲಿಯನ್ನೂ, ಸೈಟಿನ ಸುತ್ತ ಇಷ್ಟಿಷ್ಟು ಅಡಿ ಬಿಡಬೇಕೆನ್ನುವ ಬೈಲಾವನ್ನೂ ವಿಚಾರಿಸಿಕೊಳ್ಳಬೇಕು ಎನ್ನುವುದು ನನ್ನ ವಾದ.

ಒಂದನೇ ಅಹಮದ್ ಶಾ 1411ರಲ್ಲಿ ಸಾಬರಮತಿಯ ದಂಡೆಯಲ್ಲಿ ಕಟ್ಟಿಸಿದ ಅಹಮದಾಬಾದಿನ ಕೋಟೆಯೊಳಗೆ ಜನ ಬೆಳೆಸಿಕೊಂಡ ವಸತಿಯ ಹೆಸರು ಪೋಳ. ಒಂದು ಇಕ್ಕಟ್ಟಾದ ಓಣಿ, ಅದರ ಬಾಯಿಗೆ ಬಾಗಿಲು, ಒಳಗೆ ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳ ಸಾಲು. ಮನೆಯ ಮುಖ ಕಿರಿದು, ಉದ್ದ ಬಹಳ. ಮೊದಲು ಬೀದಿಗೆ ತೆರೆದ ಓಟಲೊ, ಅಂದರೆ ನಮ್ಮ ಜಗಲಿ. ಬಾಗಿಲು ದಾಟಿದರೆ ಖಡಕಿ ಎಂಬ ಹೊರಕೋಣೆ. ಅದರಾಚೆ ಆಕಾಶಕ್ಕೆ ತೆರೆದ ಚೌಕ, ನಮ್ಮ ಮೈಸೂರು ಸೀಮೆಯ ತೊಟ್ಟಿಗೆ ಹತ್ತಿರದ ಜಾಗ. ಚೌಕದ ಪಕ್ಕದಲ್ಲಿ ಅಡುಗೆಯ ರಸೋಡು ಮತ್ತು ನೀರಿನ ಕೊಡಗಳ ಪಾಣಿಯಾರು. ಚೌಕದ ಹಿಂದೆ ಒಂದು ಬದಿ ತೆರೆದ ಪರಸಾಳ. ಎಲ್ಲಕ್ಕೂ ಒಳಗೆ ಕಿಟಕಿ ಇಲ್ಲದ, ಕತ್ತಲು ತುಂಬಿದ ಓರಡೊ, ಒಡವೆ, ದವಸ, ಬಾಣಂತನ ಎಲ್ಲಕ್ಕೂ ಅದೇ ಕೋಣೆ. ಮೇಲೆ ಮೇಡೊ, ಅದರ ಮೇಲೆ ಸಂಕ್ರಾಂತಿಗೆ ಗಾಳಿಪಟ ಹಾರಿಸುವ ಅಗಾಶಿ. ಬಡವರ ಮನೆಯಲ್ಲಿ ಈ ಸಾಲಿನಿಂದ ಒಂದೊಂದು ಅಂಗ ಕಳೆದುಹೋಗುತ್ತಿತ್ತು, ಸಾಹುಕಾರನ ಮನೆಯಲ್ಲಿ ಎರಡನೆಯ ಚೌಕ ಸೇರುತ್ತಿತ್ತು. ಅನುಕ್ರಮ ಮಾತ್ರ ಬದಲಾಗುತ್ತಿರಲಿಲ್ಲ.

ಈ ಅನುಕ್ರಮದ ಕೀಲಿ ಇರುವುದು ಚೌಕದ ನೆಲದಡಿಯಲ್ಲಿ. ಹಳೆಯ ಊರಿನ ಬಾವಿಗಳ ನೀರು ಬಹುಮಟ್ಟಿಗೆ ಉಪ್ಪು. ಬಟ್ಟೆ ಪಾತ್ರೆಗೆ ಆದೀತು, ಬೇಳೆ ಬೇಯಿಸಲು ಆಗದು. ಹಾಗಾಗಿ ಅನುಕೂಲಸ್ಥರು ಚೌಕದ ಕೆಳಗೆ ಟಾಂಕಾ ಎಂಬ ನೀರಿನ ಹೊಂಡ ತೋಡಿಸಿ, ಗಾರೆ ಬಳಿಸಿ, ಮೇಲೊಂದು ಸಣ್ಣ ಬಾಯಿ ಬಿಟ್ಟು ಮುಚ್ಚಳ ಹಾಕಿಸುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಅಗಾಶಿಯನ್ನು ಗುಡಿಸಿ ತೊಳೆಯುವುದು, ಮೊದಲ ಮಳೆಯನ್ನು ಹಾಗೇ ಹರಿಯಬಿಡುವುದು, ಆಮೇಲಿನ ಮಳೆಯನ್ನು ಕೊಳವೆಯಲ್ಲಿ ಇಳಿಸಿಕೊಳ್ಳುವುದು ಪದ್ಧತಿ. ಎಲ್ಲ ಮಳೆಗಿಂತ ಮಘೆಯ ನೀರು ಶುದ್ಧ ಎಂಬ ನಂಬಿಕೆ ಗುಜರಾತಿನಲ್ಲಿ ಈಗಲೂ ಇದೆ; ಮಳೆ ನಕ್ಷತ್ರಗಳನ್ನು ಎಣಿಸುವ ನಮ್ಮ ರೈತರಿಗೆ ಇದು ಹೊಸ ಮಾತಲ್ಲ. ಬಿಸಿಲು ತಾಗದ ಕತ್ತಲಲ್ಲಿ ನೀರು ಪಾಚಿಗಟ್ಟದೆ ಮುಂದಿನ ಮಳೆಗಾಲದವರೆಗೆ ನಿಲ್ಲುತ್ತಿತ್ತು. ಲೆಕ್ಕ ಹಾಕಿ ನೋಡಿ: ಉದ್ದ, ಅಗಲ, ಆಳ ಹತ್ತತ್ತು ಅಡಿಯ ಟಾಂಕಾ ಹಿಡಿಯುವುದು ಸುಮಾರು 28,000 ಲೀಟರ್. ಎಂಟು ಜನರ ಮನೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ ತಲೆಗೆ ಹತ್ತು ಲೀಟರ್ ಬಳಸಿದರೆ ಹನ್ನೊಂದು ತಿಂಗಳಿಗೂ ಹೆಚ್ಚು ಬರುತ್ತದೆ. ಅಂದಮೇಲೆ ಟಾಂಕಾದ ಬಾಯಿ ಎಲ್ಲೋ ಪಾಣಿಯಾರು ಅದರ ಹತ್ತಿರ, ಪಾಣಿಯಾರಿನ ಹತ್ತಿರ ಒಲೆ, ಒಲೆಯ ಹೊಗೆ ಹೋಗಲು ಚೌಕ. ಬಿಂದಿಗೆ ಹೊತ್ತು ನಡೆಯುವ ಹೆಂಗಸಿನ ಹೆಜ್ಜೆಗಳೇ ನೆಲದ ಮೇಲೆ ಈ ನಕ್ಷೆ ಎಳೆದಿವೆ.

ಟಾಂಕಾ ಇಲ್ಲದ ಊರುಗಳಲ್ಲೂ ತೊಟ್ಟಿ ಮನೆಗಳಿದ್ದವಲ್ಲ, ಚೌಕ ಇದ್ದದ್ದು ಗಾಳಿ ಬೆಳಕಿಗೆ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಅದು ಚೌಕದ ಎರಡನೆಯ ಕೆಲಸ. ಎರಡೂ ಬದಿ ಗೋಡೆ ನೆರೆಯವರದೂ ಆಗಿರುವಾಗ ಅಲ್ಲಿ ಕಿಟಕಿ ಇಡುವಂತಿಲ್ಲ. ನಡುವೆ ಬಯಲು ಬಿಡದಿದ್ದರೆ ಮನೆ ಸುರಂಗವಾಗುತ್ತದೆ. ಹಂಚಿಕೊಂಡ ಗೋಡೆಯಿಂದ ಲಾಭವೂ ಇತ್ತು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಮನೆಯ ಎರಡು ಉದ್ದ ಗೋಡೆಗಳಿಗೆ ಬಿಸಿಲೇ ಬೀಳುತ್ತಿರಲಿಲ್ಲ, ಬಿಸಿ ಗಾಳಿ ಚೌಕದಿಂದ ಮೇಲೇರಿ ಹೋಗುತ್ತಿತ್ತು. ಗೋಡೆ ಇಬ್ಬರದಾದರೆ ತಕರಾರೂ ಇಬ್ಬರದೇ. ಮೊಗಲರ ಕಾಲದ ಗುಜರಾತಿ ಖತಪತ್ರಗಳು, ಅಂದರೆ ಮನೆಯ ಕರಾರುಪತ್ರಗಳು, ಮನೆಯನ್ನು ಅಳತೆಯಿಂದ ಮಾತ್ರ ಗುರುತಿಸುವುದಿಲ್ಲ. ಮನೆಯ ಅಂಗಗಳನ್ನೂ, ನಾಲ್ಕು ದಿಕ್ಕಿನ ನೆರೆಯನ್ನೂ, ಸೂರಿನ ನೀರು ಯಾರ ಕಡೆ ಬೀಳಬೇಕು ಎಂಬುದನ್ನೂ ಬರೆದಿಡುತ್ತವೆ. ಮಳೆನೀರು ಅಲ್ಲಿ ಆಸ್ತಿಯ ಮಾತೂ ಹೌದು.

ವಾಸ್ತುವಿನ ಮಾತನ್ನೂ ಇಲ್ಲೇ ಮುಗಿಸಬಹುದು. ಒಂದು ಓಣಿಯಲ್ಲಿ ಮನೆಗಳು ಎದುರುಬದುರಾಗಿ ನಿಲ್ಲುತ್ತವೆ. ಈ ಸಾಲಿನ ಬಾಗಿಲು ಪೂರ್ವಕ್ಕಾದರೆ ಆ ಸಾಲಿನದು ಪಶ್ಚಿಮಕ್ಕೇ ಆಗಬೇಕು. ಓಣಿ ತಿರುಗಿದಲ್ಲಿ ದಿಕ್ಕೂ ತಿರುಗುತ್ತದೆ. ಆದರೂ ಎರಡೂ ಸಾಲಿನಲ್ಲಿ ಓಟಲೊ, ಖಡಕಿ, ಚೌಕ, ಪರಸಾಳ, ಓರಡೊ ಅದೇ ಕ್ರಮದಲ್ಲಿವೆ. ಶಾಸ್ತ್ರ ಇರಲಿಲ್ಲ ಎಂದಲ್ಲ. ಮುಹೂರ್ತ ನೋಡುತ್ತಿದ್ದರು, ಪೂಜೆ ಮಾಡಿಸುತ್ತಿದ್ದರು, ತೊಲೆಗಳಿಗೂ ಬಾಗಿಲವಾಡಕ್ಕೂ ಕೆತ್ತನೆ ಮಾಡಿಸುತ್ತಿದ್ದರು. ಆದರೆ ಕೋಣೆಗಳನ್ನು ಜೋಡಿಸಿದ್ದು ದಿಕ್ಸೂಚಿಯಲ್ಲ, ಬೀದಿಯಿಂದ ಒಳಗೆ ಎಷ್ಟು ದೂರ ಎಂಬ ಲೆಕ್ಕ. ಅಗ್ನಿಮೂಲೆ, ಈಶಾನ್ಯ ಎಂದು ಕೋಣೆಗಳನ್ನು ಬೇಕಾದಂತೆ ತಿರುಗಿಸಿಡುವ ಸ್ವಾತಂತ್ರ್ಯ ನಾಲ್ಕೂ ಕಡೆ ಬಯಲಿರುವ ಸೈಟಿಗೆ ಮಾತ್ರ ಉಂಟು. ಸಾಧಾರಣ ಪೇಟೆಯ ಕುಟುಂಬಕ್ಕೆ ಅಂಥ ಸೈಟು ಕೈಗೆ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ವಡೋದರೆಯಲ್ಲಿ ಗಾಯಕವಾಡರ ಜೊತೆ ಬಂದ ಮರಾಠಿ ಸರದಾರರು ತಮ್ಮ ವಾಡೆಯ ಪದ್ಧತಿಯನ್ನು ತಂದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ದಿವಾನರಾಗಿದ್ದ ತಾಂಬೇಕರರ ಬಹುಅಂತಸ್ತಿನ ವಾಡೆ ಭಿತ್ತಿಚಿತ್ರಗಳೊಂದಿಗೆ ಇನ್ನೂ ನಿಂತಿದೆ. ಉಳಿದ ಜನ ಅಲ್ಲೂ ಪೋಳಗಳಲ್ಲೇ ಇದ್ದರು. ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1916ರಲ್ಲಿ, ಬರೋಡ ಎಂದು ಆಗ ಕರೆಯುತ್ತಿದ್ದ ವಡೋದರೆಯ ಬಗ್ಗೆ ವರದಿ ಬರೆದ ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್, ಹಳೆಯ ಬೀದಿಗಳನ್ನು ಸೀಳಿ ಅಗಲ ರಸ್ತೆ ಮಾಡುವ ಆತುರವನ್ನು ಒಪ್ಪಲಿಲ್ಲ. ಸೂರತ್ತಿನ ಕಥೆ ಬೇರೆ, ಅಲ್ಲಿ ನೀರು ಕಾಡಿದ್ದು ಕೊರತೆಯಿಂದಲ್ಲ, ಅತಿಯಿಂದ. 1837ರ ಏಪ್ರಿಲ್‌ನಲ್ಲಿ ಎದ್ದ ಬೆಂಕಿ ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಬೆಂಕಿ ಸಾಲದೆಂಬಂತೆ ಅದೇ ವರ್ಷ ತಾಪಿ ನದಿ ಉಕ್ಕಿ ಊರೊಳಗೆ ಬಂತು. ತಾಪಿಗೆ ಅಂಜಿ ಬದುಕುವ ಊರಿನಲ್ಲಿ ಮನೆಯ ತಳಪಾಯ ಎಷ್ಟು ಎತ್ತರ ಎನ್ನುವುದು ಕೋಣೆ ಎಷ್ಟು ಎನ್ನುವುದಕ್ಕಿಂತ ಮೊದಲ ಪ್ರಶ್ನೆ. ತಾಪಿಗೆ ಉಕಾಯಿ ಅಣೆಕಟ್ಟು ಬಂದಮೇಲೂ, 2006ರ ಆಗಸ್ಟ್‌ನಲ್ಲಿ ಊರಿನ ಬಹುಭಾಗ ಮುಳುಗಿತು.

ಅಹಮದಾಬಾದಿಗೆ ಕೊಳವೆ ನೀರು ಬಂದದ್ದು 1891ರಲ್ಲಿ. 1861ರಲ್ಲಿ ಊರಿನ ಮೊದಲ ಬಟ್ಟೆ ಗಿರಣಿ ತೆರೆದಿದ್ದ ರಣಛೋಡಲಾಲ್ ಛೋಟಾಲಾಲ್ ಅವರು ಮುನಿಸಿಪಾಲಿಟಿಯ ಅಧ್ಯಕ್ಷರಾಗಿ, ತೆರಿಗೆಗೆ ಹೆದರಿದವರ ವಿರೋಧದ ನಡುವೆ, ದೂಧೇಶ್ವರದಿಂದ ನೀರು ತಂದರು, ಒಳಚರಂಡಿಗೂ ಕೈ ಹಾಕಿದರು. ವಡೋದರೆಗೆ ಅಜವಾ ಕೆರೆಯ ನೀರು ಬಂದದ್ದೂ 1890ರ ದಶಕದ ಆರಂಭದಲ್ಲೇ. ಚೌಕದ ಮೊದಲ ಕೆಲಸವನ್ನು ನಲ್ಲಿ ಹೀಗೆ ಕಿತ್ತುಕೊಂಡಿತು. ಆದರೆ ಕೋಟೆಯೊಳಗೆ ಚೌಕ ಹೋಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತರ ಮೊದಲಿಗೂ ಹೊಸದಾಗಿ ಎದ್ದ ಪೋಳದ ಮನೆಗಳಲ್ಲೂ ಅದು ಇದೆ. ಅಕ್ಕಪಕ್ಕದ ಗೋಡೆ ಹತ್ತಿಕೊಂಡೇ ಇದ್ದುದರಿಂದ ಬೆಳಕಿಗೆ ಅದು ಬೇಕೇ ಬೇಕಿತ್ತು. ಚೌಕ ಇಲ್ಲವಾದದ್ದು ನದಿಯ ಆಚೆ ದಡದಲ್ಲಿ, ನಲ್ಲಿಯ ಜೊತೆಗೆ ಮಾರ್ಜಿನ್, ಅಂದರೆ ಸೈಟಿನ ಸುತ್ತ ಬಿಡಬೇಕಾದ ಜಾಗ, ಕೂಡ ಬಂದಲ್ಲಿ. ಒಂದೇ ಊರು, ಒಂದೇ ಜನ, ಎರಡು ದಡ. ಕಾರಣವನ್ನು ಬಿಡಿಸಿ ನೋಡಲು ಇತಿಹಾಸ ಇಷ್ಟು ಒಳ್ಳೆಯ ಅವಕಾಶ ಕೊಡುವುದು ಅಪರೂಪ.

1915ರ ಬಾಂಬೆ ಟೌನ್ ಪ್ಲಾನಿಂಗ್ ಕಾಯಿದೆ ಹೊಲಗಳನ್ನು ಒಟ್ಟುಗೂಡಿಸಿ, ರಸ್ತೆಗೆ ಜಾಗ ತೆಗೆದು, ಉಳಿದದ್ದನ್ನು ಚೌಕಾಕಾರದ ಪ್ಲಾಟುಗಳಾಗಿ ಹಿಂದಿರುಗಿಸುವ ದಾರಿ ತೆರೆಯಿತು. ನದಿ ದಾಟುವ ಎಲ್ಲಿಸ್ ಬ್ರಿಜ್‌ನ ಆಚೆ ಸಹಕಾರಿ ಸೊಸೈಟಿಗಳು ಬಂದವು. ಪ್ರೀತಮನಗರ ಅವುಗಳಲ್ಲಿ ಹಳೆಯದೊಂದು. ಸೊಸೈಟಿಯ ಈ ಮಾದರಿಯಲ್ಲಿ ನಮ್ಮವರ ಪಾಲೂ ಇದೆ. ದೇಶದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಹೆಸರಾದದ್ದು 1909ರ ಬೆಂಗಳೂರಿನದು. 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸೊಸೈಟಿ ಕಟ್ಟಿದವರು ಕೆನರಾ ಮೂಲದ ಚಿತ್ರಾಪುರ ಸಾರಸ್ವತರು. 1898ರ ಪ್ಲೇಗಿನ ಹೆದರಿಕೆಯಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳೂ ಇದೇ ಯೋಚನೆಯ ಬಡಾವಣೆಗಳು: ಮನೆ ಮನೆಯ ನಡುವೆ ಗಾಳಿ ಆಡಲಿ. ಅಂದರೆ ಬಯಲನ್ನು ಮನೆಯ ಒಳಗಿನಿಂದ ತೆಗೆದು ಹೊರಗೆ ಸುತ್ತಬೇಕು. ಬೆಂಗಳೂರಿನ ಓದುಗರಿಗೆ ಪರಿಚಯವಿರುವ ಮೂವತ್ತು-ನಲವತ್ತರ ಸೈಟನ್ನೇ ತೆಗೆದುಕೊಳ್ಳೋಣ. ಮುಂದೆ ಐದಡಿ, ಉಳಿದ ಮೂರು ಕಡೆ ಮೂರು ಮೂರು ಅಡಿ ಬಿಟ್ಟರೆ 1,200 ಚದರಡಿಯಲ್ಲಿ 432 ಹೋಯಿತು. ಅದರಲ್ಲಿ ಕೂರಲು, ಹಪ್ಪಳ ಒಣಗಿಸಲು, ಮಗುವನ್ನು ಆಡಲು ಬಿಡಲು ಆಗುವ ಜಾಗ ಎಷ್ಟು? ಮೂರಡಿಯ ಓಣಿಯಲ್ಲಿ ಖಾಲಿ ಸಿಲಿಂಡರು ನಿಲ್ಲುತ್ತದೆ, ಅಷ್ಟೆ. ಹನ್ನೆರಡು-ಹತ್ತರ ಚೌಕ ತಿನ್ನುವುದು 120 ಚದರಡಿ. ಹೊರಗೆ 432 ಕೊಟ್ಟವನು ಒಳಗೆ ಇನ್ನೂ 120 ಕೊಡಲಾರ. ಮನೆಯೊಡೆಯನಿಗೆ ಅಂಗಳ ಬೇಡವಾಗಿರಲಿಲ್ಲ, ಅವನು ಅದಕ್ಕೆ ಒಮ್ಮೆ ಬೆಲೆ ತೆತ್ತಾಗಿತ್ತು.

ಕೂಡುಕುಟುಂಬ ಒಡೆದದ್ದರಿಂದ ಚೌಕ ಹೋಯಿತು ಎಂಬ ವಾದಕ್ಕೆ ಗುಜರಾತಿನಲ್ಲೇ ಉತ್ತರವಿದೆ. ಬರೋಡದ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ್ದ ಸಮಾಜಶಾಸ್ತ್ರಜ್ಞ ಎ. ಎಂ. ಶಾ ಅವರು ಖೇಡಾ ಜಿಲ್ಲೆಯ ರಾಧವಾಣಜ್ ಗ್ರಾಮದ 1825ರ ದಾಖಲೆಗಳನ್ನು ಕೆದಕಿ, ಆ ಕಾಲದಲ್ಲೂ ಚಿಕ್ಕ ಸಂಸಾರಗಳೇನೂ ಅಪರೂಪವಲ್ಲ ಎಂದು 1973ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಅದು ಹಳ್ಳಿಯ ಮಾತು, ಪೇಟೆಗೆ ಅನ್ವಯಿಸುವಾಗ ಎಚ್ಚರ ಬೇಕು. ಆದರೂ ‘ಅಂದು ದೊಡ್ಡ ಕುಟುಂಬ, ಹಾಗಾಗಿ ಚೌಕ, ಇಂದು ಚಿಕ್ಕದು, ಹಾಗಾಗಿ ಹಾಲು’ ಎಂಬ ಸರಳ ಸೂತ್ರ ಅಷ್ಟಕ್ಕೇ ಅಲುಗಾಡುತ್ತದೆ.

ಹಳೆಯ ಮನೆಯನ್ನು ಹೊಗಳುವವರು ಓರಡೊದೊಳಗೆ ಹೆರಿಗೆಯಾದ ಹೆಣ್ಣನ್ನು ಮರೆಯುತ್ತಾರೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ, ಅದನ್ನು ಒಪ್ಪಬೇಕು. ಗಾಳಿಯಿಲ್ಲದ ಕೋಣೆ, ಮನೆಯ ಪಕ್ಕದಲ್ಲೇ ಹೊಲಸು ಇಂಗುವ ಗುಂಡಿ, ಗಂಡಸರು ಖಡಕಿಯಲ್ಲಿದ್ದರೆ ಸೊಸೆ ಚೌಕದಿಂದ ಈಚೆ ಬರಬಾರದೆಂಬ ಅಂಕೆ, ಇವೆಲ್ಲ ಅದೇ ನಕ್ಷೆಯ ಭಾಗ. ಒಳಚರಂಡಿಗೆ ಕೈ ಹಾಕಿದ ಗಿರಣಿ ಮಾಲೀಕ ರಣಛೋಡಲಾಲರು ಮಾಡಿದ್ದು ಸರಿಯಾಗಿಯೇ ಇತ್ತು. ಊರಿನ ಗಿರಣಿಗಳಲ್ಲಿ ದುಡಿದವರಿಗೆ ಸಿಕ್ಕಿದ್ದು ಮಾತ್ರ ಚಾಲಿ ಎಂಬ ಸಾಲುಮನೆಯ ಒಂದು ಕೋಣೆ, ಮುಂದೊಂದು ಕಿರು ಪಡಸಾಲೆ, ಎಲ್ಲರಿಗೂ ಸೇರಿ ಹೊರಗೊಂದು ನಲ್ಲಿ. ಅಲ್ಲಿಯೂ ನೀರು ಎಲ್ಲಿತ್ತೋ ಮನೆಯ ಅರ್ಧ ಸಂಸಾರ ಅಲ್ಲೇ ನಡೆಯಿತು.

ವಾಸ್ತುಶಿಲ್ಪಿಗಳು ಹಳೆಯ ಪಾಠವನ್ನು ಮರೆಯಲಿಲ್ಲ. ಚಾರ್ಲ್ಸ್ ಕೊರಿಯಾ 1961-62ರಲ್ಲಿ ಅಹಮದಾಬಾದಿನಲ್ಲಿ ಮಾಡಿದ ಟ್ಯೂಬ್ ಹೌಸ್ ಕಿರಿದಾದ, ಉದ್ದನೆಯ, ಪಕ್ಕದ ಗೋಡೆ ಹಂಚಿಕೊಳ್ಳುವ ಮನೆ. ಬಿಸಿ ಗಾಳಿ ಮಾಡಿನ ತುದಿಯಿಂದ ಹೊರಗೆ. ಪೋಳದ ಮನೆಯನ್ನೇ ಅಗ್ಗದ ದರಕ್ಕೆ ಇಳಿಸಿದಂತಿತ್ತು. ಅದು ಮಾದರಿಯಾಗಿ ನಿಂತು ಮೂರು ದಶಕದ ನಂತರ ಕೆಡವಲ್ಪಟ್ಟಿತು. ಬಾಲಕೃಷ್ಣ ದೋಶಿಯವರು 1973ರಲ್ಲಿ ಎಲ್‌ಐಸಿಗೆ ಕಟ್ಟಿದ ವಸತಿಯಲ್ಲಿ ಕೆಳಗೆ ದೊಡ್ಡ ಮನೆ, ಮೇಲೇರಿದಂತೆ ಚಿಕ್ಕದು, ಪ್ರತಿ ಮನೆಗೂ ಬೆಳೆಯಲು ತಾರಸಿ. ವಾಸಿಸಿದವರು ಅದನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. ಕೊರಿಯಾ ಬೆಂಗಳೂರಿನ ಕೋರಮಂಗಲದಲ್ಲಿ ತಮಗಾಗಿ ಮನೆ ಕಟ್ಟಿಕೊಂಡಾಗ ನಡುವೆ ತೆರೆದ ಅಂಗಳ ಇಟ್ಟುಕೊಂಡರು. ಒಡೆಯನೂ ಶಿಲ್ಪಿಯೂ ಒಬ್ಬನೇ ಆದಾಗ ಇದು ಸಾಧ್ಯ. ಮಿಕ್ಕವರ ಬಂಗಲೆ ಹಿಂಬಾಲಿಸಿದ್ದು ಬೈಲಾವನ್ನು.

ಈಗ ಈ ಮೂರು ಊರುಗಳಲ್ಲಿ ಜಾಗದ ಬೆಲೆ ಏರಿ, ರೋ ಹೌಸು, ಟೆನಾಮೆಂಟುಗಳಲ್ಲಿ ಹಂಚಿಕೊಂಡ ಗೋಡೆ ಮರಳಿ ಬಂದಿದೆ. ಚೌಕ ಬಂದಿಲ್ಲ, ಅದರ ಕೆಲಸಗಳು ಚೂರುಚೂರಾಗಿ ಬಂದಿವೆ: ಪಾತ್ರೆ ತೊಳೆಯುವ ಚೋಕಡಿ ಅಡುಗೆಮನೆಯ ಹಿಂದೆ, ಬೆಳಕಿಗೆ ನಾಲ್ಕಡಿಯ ಓಟಿಎಸ್ ಎಂಬ ಆಕಾಶಕ್ಕೆ ತೆರೆದ ಸಂದು, ಪಾಣಿಯಾರಿನ ಜಾಗದಲ್ಲಿ ಗೋಡೆಗೆ ನೇತುಹಾಕಿದ ಆರ್‌ಒ, ಪರಸಾಳದ ಹಿಂಚಕೊ ಅಂದರೆ ಉಯ್ಯಾಲೆ ಪೋರ್ಚಿನಲ್ಲಿ. ಅಪಾರ್ಟ್‌ಮೆಂಟುಗಳಲ್ಲಿ ನೆಲಮಹಡಿ ಪೂರ್ತಿ ಕಾರಿಗೆ. ‘ಹಾಲೋ ಪ್ಲಿಂತ್’ ಎಂದು ಕರೆಯುವ ಈ ಗೋಡೆಯಿಲ್ಲದ ತಳದ ಮೇಲೆ ನಿಂತಿದ್ದ ಹಲವು ಕಟ್ಟಡಗಳು 2001ರ ಜನವರಿ 26ರ ಭೂಕಂಪದಲ್ಲಿ ಕುಸಿದವು. ಅಹಮದಾಬಾದಿನಲ್ಲಿ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಇತ್ತೀಚೆಗೆ ಮಳೆನೀರು ಹಿಡಿಯಬೇಕೆಂದು ಕಾಯಿದೆಯೇ ಹೇಳುತ್ತದೆ, ದೊಡ್ಡ ಪ್ಲಾಟಿಗೆ ಇಂಗುಬಾವಿ ಕಡ್ಡಾಯ. ಆದರೆ ಅದನ್ನು ತೋಡುವುದು ಮಾರ್ಜಿನ್‌ನಲ್ಲಿ, ಕಾಂಪೌಂಡಿನ ಬದಿಗೆ. ಅಲ್ಲಿಗೆ ಹೋದ ನೀರು ಮನೆಯವರ ಕಣ್ಣಿಗೆ ಬೀಳುವುದಿಲ್ಲ, ಮನೆಯ ಬಳಕೆಗೂ ಬರುವುದಿಲ್ಲ. ಹಾಗಾಗಿ ಅಡುಗೆಮನೆ ಎಲ್ಲಿರಬೇಕು ಎಂಬ ಚರ್ಚೆಯಲ್ಲಿ ಅದಕ್ಕೆ ಮಾತಿಲ್ಲ. ನಾಲ್ಕು ಕಡೆಯ ಮಾರ್ಜಿನ್‌ನ ಒಂದು ಪಾಲನ್ನು ಒಳ ಅಂಗಳದ ಲೆಕ್ಕಕ್ಕೆ ಹಾಕಿಕೊಳ್ಳಲು ಬೈಲಾ ಒಪ್ಪಿದರೆ, ಆ 432 ಚದರಡಿಯಲ್ಲಿ ಒಂದು ಟಾಂಕಾಕ್ಕೂ ಅದರ ಮೇಲೊಂದು ಚೌಕಕ್ಕೂ ಧಾರಾಳವಾಗಿ ಜಾಗ ಸಿಗುತ್ತದೆ.