ಹಾಸನದ ಆಕಾಶ, ಅರಸೀಕೆರೆಯ ಕೇಬಲ್

2025ರ ಜನವರಿ 17ರಂದು ದೆಹಲಿಯಲ್ಲಿ ಒಂದು ನಿಯಮ ಬದಲಾಯಿತು. ಅದು ದೊಡ್ಡ ಸುದ್ದಿಯೇನೂ ಆಗಲಿಲ್ಲ. ಅಲ್ಲಿಯವರೆಗೆ ಊರಿನ ಕೇಬಲ್‌ನವನು ನೋಂದಣಿಗೆ ಅಂಚೆ ಕಚೇರಿಗೆ ಹೋಗಬೇಕಿತ್ತು. ಕೇಬಲ್ ಟಿ.ವಿ.ಯ ಕಾನೂನು ಬಂದಾಗಿನಿಂದ, ಅಂದರೆ ಮೂವತ್ತು ವರ್ಷದಿಂದ, ಪ್ರಧಾನ ಅಂಚೆ ಅಧಿಕಾರಿಯೇ ಅವನ ನೋಂದಣಾಧಿಕಾರಿ. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಮೊಹರು ಹಾಕಿಸಿಕೊಂಡು ಬಂದರೆ ಮುಗಿಯಿತು. ಈಗ ಐದು ಸಾವಿರ ರೂಪಾಯಿ ಕಟ್ಟಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಜಾಲತಾಣದಲ್ಲೇ ನೋಂದಾಯಿಸಬೇಕು. ಐದು ವರ್ಷ ಅದು ನಡೆಯುತ್ತದೆ, ದೇಶದ ಯಾವ ಊರಿಗೆ ಬೇಕಾದರೂ ತಂತಿ ಎಳೆಯಬಹುದು. ಅರಸೀಕೆರೆಯ ಕೇಬಲ್‌ನವನಿಗೆ ದೇಶವೇ ತೆರೆದಂತಾಯಿತು. ಆದರೆ ಇದ್ದ ಗಿರಾಕಿಗಳನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿರುವ ಹೊತ್ತಿನಲ್ಲಿ.

ಪ್ರಸಾರೋದ್ಯಮದ ವಾರ್ಷಿಕ ಲೆಕ್ಕವನ್ನು ಮುಂಬೈಯಲ್ಲೋ ಬೆಂಗಳೂರಲ್ಲೋ ಕೂತು ಬರೆಯುವುದು ರೂಢಿ. ಹಾಸನ ಜಿಲ್ಲೆಯಿಂದ ಬರೆಯಲು ಒಂದು ಕಾರಣವಿದೆ. ವಾಹಿನಿಗಳನ್ನು ಹೊತ್ತ ನಮ್ಮ ದೇಶದ ಉಪಗ್ರಹಗಳ ಲಗಾಮು ಇರುವುದು ಇಲ್ಲೇ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವನ್ನು ಊರಿನವರು ಚಿಕ್ಕದಾಗಿ ಎಂಸಿಎಫ್ ಅನ್ನುತ್ತಾರೆ. ಅಲ್ಲಿಂದ ಕಾರ್ಯಕ್ರಮಗಳು ಮೇಲಕ್ಕೆ ಹೋಗುತ್ತವೆ ಎಂದು ತಿಳಿದವರೇ ಹೆಚ್ಚು. ಹಾಗಲ್ಲ. ಕಾರ್ಯಕ್ರಮ ಕಳಿಸುವವರು ಆಯಾ ವಾಹಿನಿಯವರು. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹವನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಹಾಸನದವರ ಕೆಲಸ. ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹ ಸದಾ ಜರುಗುತ್ತಿರುತ್ತದೆ. ಎರಡೂ ಬದಿಗೆ ಒಂದು ಡಿಗ್ರಿಯ ಹತ್ತರಲ್ಲೊಂದು ಭಾಗ, ಆ ಎತ್ತರದ ಲೆಕ್ಕದಲ್ಲಿ ಸುಮಾರು 75 ಕಿ.ಮೀ. ದಾಟದಂತೆ, ಆಗಾಗ ಸಣ್ಣ ಎಂಜಿನ್ ಉರಿಸಿ ಹಿಂದಕ್ಕೆ ತರಬೇಕು. ಆ ಇಂಧನ ಮುಗಿದ ದಿನ ಉಪಗ್ರಹದ ಆಯುಸ್ಸೂ ಮುಗಿಯಿತು.

ಈ ಪಾಠವನ್ನು ಹಾಸನ ಮೊದಲ ವರ್ಷವೇ ಕಲಿಯಿತು. 1982ರ ಏಪ್ರಿಲ್ 10ರಂದು ಇನ್‌ಸ್ಯಾಟ್-1ಎ ಅಮೆರಿಕದಿಂದ ಹಾರಿತು. ಆಂಟೆನಾ ಬಿಚ್ಚಿಕೊಳ್ಳಲು ತಕರಾರು ಮಾಡಿತು, ಸೌರಪಟ ಬಿಚ್ಚಲೇ ಇಲ್ಲ. ಆಗಸ್ಟ್ 15ಕ್ಕೆ ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣದ ಪ್ರಸಾರವೂ ಶುರುವಾದವು. ಸೆಪ್ಟೆಂಬರ್ ಮೊದಲ ವಾರಕ್ಕೆ ಉಪಗ್ರಹದ ಇಂಧನ ಬರಿದಾಗಿ ಕೈಬಿಡಬೇಕಾಯಿತು. ನವೆಂಬರ್‌ನಲ್ಲಿ ಏಷ್ಯಾಡ್ ಕ್ರೀಡಾಕೂಟ ಬಂದಾಗ ಬೇರೆಯವರ ಉಪಗ್ರಹದ ಮೊರೆ ಹೋಗದೆ ದಾರಿಯಿರಲಿಲ್ಲ. ಮರುವರ್ಷ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋದ ಇನ್‌ಸ್ಯಾಟ್-1ಬಿ ಮಾತ್ರ ನಿಂತಿತು. ಅದನ್ನು ನೆಚ್ಚಿಕೊಂಡೇ 1984ರಲ್ಲಿ ಸರಕಾರ ದಿನಕ್ಕೊಂದರಂತೆ ಸಣ್ಣ ಸಣ್ಣ ಟ್ರಾನ್ಸ್‌ಮಿಟರ್‌ಗಳನ್ನು ಊರೂರಿಗೆ ಹಂಚಿದ್ದು.

ಆದರೆ ಹಾಸನದ ಹಳ್ಳಿಗಳಿಗೆ ಮೊದಲು ಬಂದದ್ದು ಚಿತ್ರವಲ್ಲ, ದನಿ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ 30 ವಾಟ್‌ನ ಬಾನುಲಿ ಆರಂಭಿಸಿದರು. ಅದಕ್ಕಿಟ್ಟ ಆಕಾಶವಾಣಿ ಎಂಬ ಹೆಸರನ್ನೇ ಮುಂದೆ ದೇಶದ ಬಾನುಲಿ ತೊಟ್ಟುಕೊಂಡಿತು. ಬೆಂಗಳೂರು ನಿಲಯ 1955ರಲ್ಲಿ, ಭದ್ರಾವತಿ 1965ರಲ್ಲಿ ಆರಂಭವಾದವು. ಅರಸೀಕೆರೆ ಕಡೆಯ ಕೃಷಿಕರ ಕಿವಿ ಬಹುಕಾಲ ಭದ್ರಾವತಿಯ 675 ಕಿಲೋಹರ್ಟ್ಸ್‌ಗೇ ಅಂಟಿಕೊಂಡಿತ್ತು. ಹಾಸನಕ್ಕೆ ಸ್ವಂತ ಎಫ್.ಎಂ. ಸಿಕ್ಕಿದ್ದು ತೊಂಬತ್ತರ ದಶಕದ ಆರಂಭದಲ್ಲಿ, 102.2 ಅಂದರೆ ಇಂದಿಗೂ ಜಿಲ್ಲೆಯ ಹಿರಿಯರಿಗೆ ಗೊತ್ತು.

ಟಿ.ವಿ. ಕಥೆ ಎಲ್ಲ ಊರಿನದೂ ಒಂದೇ. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ, ಮಹಡಿಯ ಮೇಲೆ ಕಬ್ಬಿಣದ ಪೈಪು, ಬೂಸ್ಟರು, ಒಬ್ಬ ಮೇಲೆ ತಿರುಗಿಸುವುದು, ಒಬ್ಬ ಕೆಳಗಿನಿಂದ ‘ಬಂತು, ಬಂತು, ಹೋಯ್ತು’ ಅನ್ನುವುದು. 1994ರ ಜೂನ್‌ನಲ್ಲಿ ಉದಯ, 2000ದ ಡಿಸೆಂಬರ್‌ನಲ್ಲಿ ಈಟಿವಿ, 2006ರಲ್ಲಿ ಜೀ ಕನ್ನಡ. ಕೇಬಲ್‌ನವನು ಊರಿನ ಗಣ್ಯ ವ್ಯಕ್ತಿಯಾದದ್ದು ಈ ಹನ್ನೆರಡು ವರ್ಷಗಳಲ್ಲಿ. ವಿ.ಸಿ.ಆರ್.ನಲ್ಲಿ ಸಿನಿಮಾ ಹಾಕುತ್ತಿದ್ದವನು, ಊರ ಹಬ್ಬವನ್ನು ಚಿತ್ರೀಕರಿಸಿ ರಾತ್ರಿಯೇ ತೋರಿಸುತ್ತಿದ್ದವನು, ಸಾವಿನ ಸುದ್ದಿಯನ್ನು ಪರದೆಯ ಕೆಳಗೆ ಓಡಿಸುತ್ತಿದ್ದವನು ಅವನೇ. ನನ್ನ ಮಟ್ಟಿಗೆ ಜಿಲ್ಲೆಯ ನಿಜವಾದ ಸ್ಥಳೀಯ ದೂರದರ್ಶನ ಅದೊಂದೇ. ಅದರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ.

ಡಿಜಿಟಲೀಕರಣ ಅವನ ಕೈ ಕಟ್ಟಿತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ ಕೊನೆಯ ಗಡುವು. ಉಳಿದ ಪಟ್ಟಣಗಳಿಗೆ 2015ರ ಡಿಸೆಂಬರ್. ಹಳ್ಳಿಗಳ ಗಡುವು ಮುಂದೂಡಿಕೊಂಡು 2017ರ ಮಾರ್ಚ್. ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಯಾವ ಮನೆಗೆ ಯಾವ ವಾಹಿನಿ ಎಂಬುದು ದೂರದ ಕಂಪ್ಯೂಟರಿನಲ್ಲಿ ತೀರ್ಮಾನವಾಗತೊಡಗಿತು. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರಪದ್ಧತಿ ಬಂತು. ನೂರು ವಾಹಿನಿಗೆ 130 ರೂಪಾಯಿ, ತೆರಿಗೆ ಸೇರಿ 153, ಬೇಕಾದ ಹಣದ ವಾಹಿನಿಗಳಿಗೆ ಬೇರೆ ಲೆಕ್ಕ. ಗಿರಾಕಿಗೆ ಆಯ್ಕೆ ಸಿಕ್ಕಿತು ಅಂದರು. ಅಜ್ಜಿಗೆ ಯಾವ ಧಾರಾವಾಹಿ ಯಾವ ಪ್ಯಾಕಿನಲ್ಲಿದೆ ಎಂದು ವಿವರಿಸುವ ಕೆಲಸ ಕೇಬಲ್‌ನವನಿಗೇ ಸಿಕ್ಕಿತು.

ಆದರೂ ಬೇಲೂರು, ಸಕಲೇಶಪುರದ ಕಡೆ ಕೇಬಲ್ ತೀರಾ ಸೋಲಲಿಲ್ಲ. ಕಾರಣ ಮಳೆ. ಮನೆಯ ಮೇಲಿನ ಸಣ್ಣ ಡಿಟಿಎಚ್ ತಟ್ಟೆ ಹಿಡಿಯುವುದು ಸುಮಾರು 12 ಗಿಗಾಹರ್ಟ್ಸ್‌ನ ತರಂಗ. ಜೋರು ಮಳೆಯ ಹನಿಗಳು ಅದನ್ನು ನುಂಗಿಬಿಡುತ್ತವೆ. ಕೇಬಲ್ ಕಂಟ್ರೋಲ್ ರೂಮಿನ ದೊಡ್ಡ ಡಿಶ್ ಹಿಡಿಯುವುದು 4 ಗಿಗಾಹರ್ಟ್ಸ್ ಆಸುಪಾಸಿನದು. ಅದಕ್ಕೆ ಮಳೆ ಅಷ್ಟಾಗಿ ನಾಟುವುದಿಲ್ಲ. ಜುಲೈ ತಿಂಗಳಲ್ಲಿ ಡಿಟಿಎಚ್ ಮನೆಯವರು ಕೇಬಲ್ ಮನೆಗೆ ಧಾರಾವಾಹಿ ನೋಡಲು ಹೋಗುವುದರ ಹಿಂದಿನ ಭೌತಶಾಸ್ತ್ರ ಇಷ್ಟೇ. ಇನ್ನೊಂದು ಕಾಟ ಎಲ್ಲರಿಗೂ ಸಮ. ಮಾರ್ಚ್ ನಡುವಿನಲ್ಲಿ ಒಮ್ಮೆ, ಸೆಪ್ಟೆಂಬರ್ ಕೊನೆ ಅಕ್ಟೋಬರ್ ಮೊದಲಿನಲ್ಲಿ ಒಮ್ಮೆ, ಕೆಲವು ದಿನ ಸೂರ್ಯ ನೇರವಾಗಿ ಉಪಗ್ರಹದ ಬೆನ್ನಿಗೆ ಬರುತ್ತಾನೆ. ಅಷ್ಟು ಹೊತ್ತು, ಕೆಲವೇ ನಿಮಿಷ, ಪರದೆ ಚುಕ್ಕಿ ಚುಕ್ಕಿ. ಅದೇ ಋತುವಿನಲ್ಲಿ ರಾತ್ರಿ ಉಪಗ್ರಹಗಳು ಭೂಮಿಯ ನೆರಳಿಗೆ ಸಿಕ್ಕಿ, ಕೆಲವು ದಿನ ಒಂದು ಗಂಟೆಗೂ ಮೀರಿ ಬ್ಯಾಟರಿಯ ಮೇಲೆ ಬದುಕುತ್ತವೆ. ಆಗ ಹಾಸನದ ನಿಯಂತ್ರಣ ಕೊಠಡಿಯಲ್ಲಿ ಬ್ಯಾಟರಿಯ ಲೆಕ್ಕ ಕಾಯುವವರು ಇರುತ್ತಾರೆ. ಮಲಗಿರುವ ನಮಗೆ ಅದು ತಿಳಿಯುವುದೇ ಇಲ್ಲ.

2025ರಲ್ಲಿ ಡಿಶ್‌ಗಳನ್ನೇ ತಿರುಗಿಸುವ ಕಾಲ ಬಂತು. ವಿದೇಶಿ ಉಪಗ್ರಹಗಳು ಭಾರತದಲ್ಲಿ ವ್ಯವಹಾರ ಮಾಡಲು ಇನ್-ಸ್ಪೇಸ್ ಸಂಸ್ಥೆಯ ಅನುಮತಿ ಬೇಕೆಂಬ ನಿಯಮ ಜನವರಿಯಿಂದ ಜಾರಿಯಾಯಿತು. ದಶಕಗಳಿಂದ ನಮ್ಮ ವಾಹಿನಿಗಳನ್ನು ಹೊತ್ತಿದ್ದ ಏಷ್ಯಾಸ್ಯಾಟ್‌ಗೆ ಸಿಕ್ಕಿದ್ದು 2026ರ ಮಾರ್ಚ್‌ವರೆಗಿನ ಅವಕಾಶ. ಹಾಗಾಗಿ ದೊಡ್ಡ ಪ್ರಸಾರ ಸಂಸ್ಥೆಗಳು ಜಿಸ್ಯಾಟ್-30, ಜಿಸ್ಯಾಟ್-17ರಂಥ ನಮ್ಮವೇ ಉಪಗ್ರಹಗಳತ್ತ ವಾಹಿನಿಗಳನ್ನು ಸಾಗಿಸತೊಡಗಿದವು. ಸ್ವಂತ ಕಂಟ್ರೋಲ್ ರೂಮ್ ಉಳಿಸಿಕೊಂಡಿರುವವನಿಗೆ ಇದರ ಅರ್ಥ ಸ್ಪಾನರ್ ಹಿಡಿದು ಮಹಡಿ ಹತ್ತುವುದು. ಏಷ್ಯಾಸ್ಯಾಟ್-7 ಇರುವುದು 105.5 ಡಿಗ್ರಿ ಪೂರ್ವದಲ್ಲಿ. ಹಾಸನ ಸೀಮೆಯಿಂದ ನೋಡಿದರೆ ಪೂರ್ವಕ್ಕೆ ವಾಲಿದಂತೆ, ಐವತ್ತು ಡಿಗ್ರಿ ಚಿಲ್ಲರೆ ಎತ್ತರ. ಜಿಸ್ಯಾಟ್-30 ಇರುವುದು 83ರಲ್ಲಿ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಬೋಲ್ಟ್ ಸಡಿಲಿಸಿ, ಡಿಶ್ ಎತ್ತಿ, ಮೀಟರ್ ನೋಡುತ್ತಾ ಕೂದಲೆಳೆಯಷ್ಟು ಅತ್ತಿತ್ತ ಮಾಡಿ, ಸಂಕೇತ ಹಿಡಿಯುವ ಎಲ್‌ಎನ್‌ಬಿಯನ್ನು ತಿರುಚಿ ಬಿಗಿಯಬೇಕು. ಮುಖ ತಿರುಗಿಸಿದ ಆ ಡಿಶ್ಶಿಗೆ ಈಗ ಸಿಗುತ್ತಿರುವುದು ತನ್ನದೇ ಜಿಲ್ಲೆಯಿಂದ ನಿಯಂತ್ರಿಸಲ್ಪಡುವ ಉಪಗ್ರಹ. ಆ ವರ್ಷದ ವಿದ್ಯಮಾನಗಳಲ್ಲಿ ಹಾಸನದವರು ಹೆಮ್ಮೆಪಡಬೇಕಾದ್ದು ಇದು.

ಗಿರಾಕಿಗಳ ಲೆಕ್ಕಕ್ಕೆ ಬಂದರೆ ಹೆಮ್ಮೆ ಇಳಿಯುತ್ತದೆ. 2020ರ ಸುಮಾರಿಗೆ ಏಳು ಕೋಟಿ ಇದ್ದ ಹಣ ಕೊಡುವ ಡಿಟಿಎಚ್ ಚಂದಾದಾರರು 2025ರ ಮಾರ್ಚ್‌ಗೆ 5.69 ಕೋಟಿಗೆ ಇಳಿದರು. ಒಂದು ಪಾಲು ದೂರದರ್ಶನದ ಫ್ರೀ ಡಿಶ್‌ಗೆ ಹೋಯಿತು, ಒಂದು ಪಾಲು ಮೊಬೈಲಿಗೆ. ಫೆಬ್ರವರಿ 14ಕ್ಕೆ ಎರಡು ದೊಡ್ಡ ವೇದಿಕೆಗಳು ಕೂಡಿ ಜಿಯೋಹಾಟ್‌ಸ್ಟಾರ್ ಆದವು. ಜೂನ್ 3ರ ರಾತ್ರಿ ಆರ್‌ಸಿಬಿ ಐಪಿಎಲ್ ಗೆದ್ದಾಗ ಕೇಬಲ್ ಇರುವ ಮನೆಯಿಂದ ಕೇಕೆ ಮೊದಲು ಕೇಳಿಸಿತು, ಮೊಬೈಲ್ ಹಿಡಿದವರಿಗೆ ಕೊನೆಯ ಚೆಂಡು ಇನ್ನೂ ಬಿದ್ದಿರಲಿಲ್ಲ. ಅಂತರ್ಜಾಲದ ಚಿತ್ರ ಹಿಂದೆ ಬೀಳುವ ಆ ಕೆಲವು ಸೆಕೆಂಡುಗಳೇ ಹಳೆಯ ತಂತಿಗೆ ಉಳಿದಿರುವ ಮರ್ಯಾದೆ. ಅದಕ್ಕೂ ಎರಡು ವಾರ ಹಿಂದೆ, ಮೇ 20ರಂದು, ಹಾಸನದ ಬಾನು ಮುಷ್ತಾಕ್ ಅವರಿಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತು. ನಡುರಾತ್ರಿ ದಾಟಿದ್ದರೂ ಎಚ್ಚರವಿದ್ದವರು ಅದನ್ನು ನೇರವಾಗಿ ನೋಡಿದ್ದು ಮೊಬೈಲಿನಲ್ಲೇ. ಯಾವ ವಾಹಿನಿಯ ಹಂಗೂ ಬೇಕಾಗಲಿಲ್ಲ.

ಈಗ ಛತ್ರಗಳ ಕಡೆ ಬರೋಣ. ಜಿಲ್ಲೆಯ ಆಡಿಯೋ ವಿಡಿಯೋ ಉದ್ಯಮಕ್ಕೆ ಅನ್ನ ಸಿಗುವುದು ಅಲ್ಲಿಯೇ. ಮೈಕ್ ಸೆಟ್‌ನವರು ಎಂಬ ಕಸುಬು ಗ್ರಾಮಫೋನ್ ಪ್ಲೇಟು, ಮರಕ್ಕೆ ಕಟ್ಟಿದ ಹಾರನ್, ಅಹುಜ ಆಂಪ್ಲಿಫೈಯರ್‌ನಿಂದ ಶುರುವಾದದ್ದು. ನಾಟಕಕ್ಕೆ, ಹರಿಕಥೆಗೆ, ಚುನಾವಣೆಯ ಜೀಪಿಗೆ ಒಬ್ಬನೇ ಸಾಕಿತ್ತು. ಈಗ ಅದೇ ಮನೆತನದ ಹುಡುಗರು ಲೈನ್ ಅರೇ ಪೆಟ್ಟಿಗೆ, ಡಿಜಿಟಲ್ ಮಿಕ್ಸರ್, ಎಲ್‌ಇಡಿ ವಾಲ್ ಇಟ್ಟುಕೊಂಡಿದ್ದಾರೆ. ಈ ವಾಲ್ ಎಂಬುದು ಅರ್ಧ ಮೀಟರಿನ ಚೌಕಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಎಬ್ಬಿಸುವ ಗೋಡೆ. ಚುಕ್ಕಿಯಿಂದ ಚುಕ್ಕಿಗೆ ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಅಂತರವಿದ್ದರೆ ಒಳಾಂಗಣಕ್ಕೆ ಚೆಂದ. ಒಂದು ಚೌಕ ಸತ್ತರೆ ವಧುವಿನ ಹಣೆಯ ಮೇಲೆ ಕಪ್ಪು ಕಿಟಕಿ ಬೀಳುತ್ತದೆ. ಅದಕ್ಕೇ ಬುದ್ಧಿವಂತರು ಎರಡು ಚೌಕ ಹೆಚ್ಚುವರಿ ತಂದಿರುತ್ತಾರೆ.

ಇವರ ಪಂಚಾಂಗ ಹಣಕಾಸು ವರ್ಷದ್ದಲ್ಲ. ಯುಗಾದಿಯ ನಂತರ ಬೇಲೂರಿನ ತೇರು, ಆಮೇಲೆ ಮದುವೆ ಮದುವೆ. ಆಷಾಢ ಬಂತೆಂದರೆ ಛತ್ರ ಖಾಲಿ, ವೈರು ಬೆಸೆಯುವ ಕಾಲ. ಅರಸೀಕೆರೆಯವರಿಗೆ ಮಾತ್ರ ಮಾಲೇಕಲ್ಲು ತಿರುಪತಿ ಜಾತ್ರೆಯ ಸಮಾಧಾನ. ಗಣೇಶನ ಹಬ್ಬಕ್ಕೆ ಡಿ.ಜೆ.ಯ ಜಗಳ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೇ ಇದೆ. ಎದೆ ಅದುರುವ ಡಿ.ಜೆ.ಗೆ ದುಡ್ಡು ಕೊಡುವ ಊರು, ದನಿ ಹದ ಮಾಡಬಲ್ಲ ಆಪರೇಟರನಿಗೆ ಬೆಲೆ ಕೊಡುವುದಿಲ್ಲ ಎಂಬುದು ನನ್ನ ಹಳೆಯ ದೂರು. 2025ರಲ್ಲಿ ಕೊಬ್ಬರಿ ಕೈಹಿಡಿಯಿತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ ಇದ್ದಾಗ ತಿಪಟೂರು, ಅರಸೀಕೆರೆ ಮಾರುಕಟ್ಟೆಗಳಲ್ಲಿ ಅದರ ಎರಡರಷ್ಟನ್ನೂ ಮೀರಿದ ಬೆಲೆ ಬಂತು. ಕೊಬ್ಬರಿ ಏರಿದ ವರ್ಷ ಮದುವೆಯ ಪರದೆಯೂ ದೊಡ್ಡದಾಗುತ್ತದೆ. ಸೆಪ್ಟೆಂಬರ್ 22ರಿಂದ 32 ಇಂಚು ಮೀರಿದ ಟಿ.ವಿ.ಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ದಸರೆಗೆ ಅಂಗಡಿಯವರ ಮುಖ ಅರಳಿಸಿತು. ಚಿತ್ರಮಂದಿರಗಳ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿದ ರಾಜ್ಯ ಸರಕಾರದ ಆದೇಶ ಹನ್ನೊಂದೇ ದಿನದಲ್ಲಿ ಹೈಕೋರ್ಟಿನಲ್ಲಿ ತಡೆಯಾಯಿತು. ನಮ್ಮ ಕಡೆಯ ಒಂಟಿ ಪರದೆಯ ಟಾಕೀಸುಗಳಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಬೇಲೂರು ಹಳೇಬೀಡಿಗೆ ಕ್ಯಾಮೆರಾದ ನಂಟು ಹಳೆಯದು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಬಿ.ಎಸ್. ರಂಗಾ ಅವರ 1964ರ ‘ಅಮರಶಿಲ್ಪಿ ಜಕಣಾಚಾರಿ’, ಹೇಳಿದ್ದು ಈ ಶಿಲ್ಪಗಳ ದಂತಕಥೆಯನ್ನೇ. 2023ರ ಸೆಪ್ಟೆಂಬರ್ 18ರಂದು ಸೋಮನಾಥಪುರದ ಜೊತೆಗೆ ಇವೆರಡೂ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಮೊಬೈಲ್ ಹಿಡಿದು ಬರುವವರು ಹೆಚ್ಚಿದ್ದಾರೆ. ಮೊಬೈಲಿನಲ್ಲಿ ಫೋಟೋ ತೆಗೆಯಲು ತಡೆಯಿಲ್ಲ. ವೃತ್ತಿಪರ ಚಿತ್ರೀಕರಣಕ್ಕೂ ಡ್ರೋನಿಗೂ ಪುರಾತತ್ವ ಇಲಾಖೆಯ ಅನುಮತಿ ಬೇಕು. ಮದುವೆಗೆ ಮುಂಚಿನ ಶೂಟಿಂಗ್‌ಗೆ ಬಂದ ಜೋಡಿಗಳನ್ನು ಹಾಗಾಗಿ ಕೆರೆ ಏರಿಯ ಕಡೆ ಕರೆದೊಯ್ಯುವುದು ವಿಡಿಯೋದವರ ಉಪಾಯ. ಹೊಯ್ಸಳ ಶಿಲ್ಪದಷ್ಟು ಕಷ್ಟದ ವಸ್ತು ಕ್ಯಾಮೆರಾಗೆ ಇನ್ನೊಂದಿಲ್ಲ. ನಡುಹಗಲ ಬಿಸಿಲಿಗೆ ಬಳಪದ ಕಲ್ಲಿನ ಕುಸುರಿ ಚಪ್ಪಟೆಯಾಗುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬೆಳಕಿಗೆ ಮಾತ್ರ ಹಳೇಬೀಡಿನ ಆನೆಯ ಸಾಲು ಗೋಡೆಯಿಂದ ಎದ್ದು ಬರುತ್ತದೆ. ಇದನ್ನು ಅರಿತು ಕಾಯುವವರು ಕಡಿಮೆ. ಡ್ರೋನಿನಿಂದ ಗಿರಕಿ ಹೊಡೆದ ಹಾಡುಗಳೇ ಹೆಚ್ಚು.

ಬಾನುಲಿಗೆ ಒಂದು ಆಸೆಯ ಎಳೆ ಇದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಊರುಗಳಲ್ಲಿ 730 ಖಾಸಗಿ ಎಫ್.ಎಂ. ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಹಾಸನವೂ ಚಿಕ್ಕಮಗಳೂರೂ ಇವೆ. ಬಂದರೆ ಒಳ್ಳೆಯದೇ. ಆದರೆ ಖಾಸಗಿಯವರು ಬೆಂಗಳೂರಿನ ಹಾಡುಪಟ್ಟಿಯನ್ನೇ ಇಲ್ಲಿಗೂ ಬಿಡುವುದಾದರೆ ಅದರಿಂದ ಅರಸೀಕೆರೆಗೆ ಬಂದ ಭಾಗ್ಯ ಏನೂ ಇಲ್ಲ. ತೆಂಗಿನ ನುಸಿರೋಗಕ್ಕೆ ಏನು ಮಾಡಬೇಕು, ಜಾವಗಲ್ ಕಡೆ ಮಳೆ ಎಷ್ಟಾಯಿತು ಎಂದು ಹೇಳಬಲ್ಲದ್ದು ಇಂದಿಗೂ 102.2 ಒಂದೇ. ಅದರ ಸ್ಥಳೀಯ ಗಂಟೆಗಳು ಕಡಿಮೆಯಾಗದಂತೆ ಕೇಳುವ ಹಕ್ಕು ಜಿಲ್ಲೆಯ ಜನಪ್ರತಿನಿಧಿಗಳಿಗೂ ಕೇಳುಗರಿಗೂ ಇದೆ.

ಉಪಗ್ರಹ ನಮ್ಮೂರಿನದು, ಡಿಶ್ ತಿರುಗಿಸುವವನು ನಮ್ಮವನು, ಪರದೆ ಎಬ್ಬಿಸುವವನೂ ನಮ್ಮವನೇ. ಆದರೆ ಈ ನಲವತ್ತು ವರ್ಷ ಅದರಲ್ಲಿ ಓಡಿದ ನಮ್ಮೂರಿನ ಚಿತ್ರಗಳು ಎಲ್ಲಿ? ಬೇಲೂರಿನ ತೇರು, ಕೇಬಲ್‌ನವನು ಹಿಡಿದ ಜಾತ್ರೆಗಳು, ಕಂಪನಿ ನಾಟಕಗಳು, ಎಂಬತ್ತು ತೊಂಬತ್ತರ ಮದುವೆಗಳು ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿ ಅಟ್ಟದ ಮೇಲಿವೆ. ಮಲೆನಾಡಿನ ಅಂಚಿನ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಹಾಗೇ ಹಾಕಿದರೆ ಪ್ಲೇಯರಿನ ಹೆಡ್ಡೂ ಕೆಡುತ್ತದೆ, ಟೇಪೂ ಹರಿಯುತ್ತದೆ. ಜಪಾನಿನ ಫುನಾಯ್ ಕಂಪನಿ 2016ರ ಜುಲೈಗೆ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರ ಸಿಗುವುದಿಲ್ಲ. ಇರುವ ಹಳೆಯವನ್ನು ರಿಪೇರಿ ಮಾಡುವ ಕೈಗಳೂ ಬೆರಳೆಣಿಕೆ. ಊರಿನ ಹಬ್ಬದ ಕ್ಯಾಸೆಟ್ ನಿಮ್ಮ ಮನೆಯಲ್ಲಿದ್ದರೆ ಬೂಷ್ಟು ತೆಗೆಸದೆ ಹಾಕಿ ನೋಡಬೇಡಿ. ಮುಂದಿನ ಮಳೆಗಾಲದೊಳಗೆ ಬಲ್ಲವರಿಂದ ಡಿಜಿಟಲ್ ಮಾಡಿಸಿ, ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.