ಪ್ಯುವಿ ದ ಶವಾನ್‌ನ ‘ಬಲೂನು’ ಮತ್ತು ‘ಪಾರಿವಾಳ’

ಫ್ರೆಂಚ್ ಚಿತ್ರಕಾರ ಪಿಯರ್ ಪ್ಯುವಿ ದ ಶವಾನ್ (1824–1898) ರಚಿಸಿದ ಜೋಡಿ ತೈಲಚಿತ್ರಗಳಿವು. ‘ಬಲೂನು’ 1870ರದ್ದು, ‘ಪಾರಿವಾಳ’ 1871ರದ್ದು. ಪ್ರಷ್ಯದ ಸೇನೆ ಪ್ಯಾರಿಸ್ಸನ್ನು ಸುತ್ತುಗಟ್ಟಿದ್ದ ನಾಲ್ಕು ತಿಂಗಳು ಊರಿನ ಸುದ್ದಿ ಹೊರಗೆ ಹೋದದ್ದು ಬಲೂನಿನಲ್ಲಿ. ಹೊರಗಿನ ಸುದ್ದಿ ಒಳಗೆ ಬಂದದ್ದು ಬಹುಮಟ್ಟಿಗೆ ಪಾರಿವಾಳದ ಬಾಲದಲ್ಲಿ. ಚಿತ್ರ ಎರಡಾಗಿರುವುದಕ್ಕೆ ಅದೇ ಕಾರಣ.

ಆಕಾಶದ ಅಂಚೆ

1870ರ ಸೆಪ್ಟೆಂಬರ್ 19ಕ್ಕೆ ಮುತ್ತಿಗೆ ಪೂರ್ತಿ ಬಿಗಿಯಾಯಿತು. ರೈಲುಗಳು ನಿಂತವು. ಸೇನ್ ನದಿಯ ತಳದಲ್ಲಿ ಗುಟ್ಟಾಗಿ ಹಾಕಿದ್ದ ತಂತಿಯನ್ನೂ ಪ್ರಷ್ಯನ್ನರು ಪತ್ತೆಹಚ್ಚಿ ಕತ್ತರಿಸಿದರು. ಸೆಪ್ಟೆಂಬರ್ 23ರಂದು ಜೂಲ್ ದ್ಯುರೂಫ್ ಎಂಬಾತ ಮೊಂಮಾರ್ತ್ರ್‌ನಿಂದ ‘ನೆಪ್ಚೂನ್’ ಬಲೂನು ಏರಿ, ಸುಮಾರು 125 ಕಿಲೊ ಟಪಾಲು ಹೊತ್ತು ಶತ್ರುಪಾಳೆಯದ ನೆತ್ತಿಯ ಮೇಲೆಯೇ ದಾಟಿಹೋದ. ಮುತ್ತಿಗೆ ಮುಗಿಯುವಷ್ಟರಲ್ಲಿ 60ಕ್ಕೂ ಹೆಚ್ಚು ಬಲೂನುಗಳು ಹಾರಿದ್ದವು. ಅಕ್ಟೋಬರ್ 7ರಂದು ಗೃಹಮಂತ್ರಿ ಲಿಯೊನ್ ಗಂಬೆಟಾ ಊರು ಬಿಟ್ಟದ್ದೂ ಹೀಗೆಯೇ.

ರೈಲಿಲ್ಲದೆ ಬಿಕೋ ಎನ್ನುತ್ತಿದ್ದ ನಿಲ್ದಾಣಗಳು ಬಲೂನು ಕಾರ್ಖಾನೆಗಳಾದವು. ಎತ್ತರದ ಚಾವಣಿ, ವಿಶಾಲವಾದ ನೆಲ, ಬಟ್ಟೆ ಹರಡಿ ಹೊಲಿಯಲು ಇನ್ನೇನು ಬೇಕು? ಬಲೂನಿನಲ್ಲಿ ಹೋಗುವ ಕಾಗದವೊಂದರ ತೂಕ 4 ಗ್ರಾಂ ಮೀರುವಂತಿರಲಿಲ್ಲ. ಗುಂಡೇಟಿನ ಭಯಕ್ಕೆ ಮುಂದೆ ಬಲೂನುಗಳನ್ನು ರಾತ್ರಿ ಹೊತ್ತು ಹಾರಿಸತೊಡಗಿದರು. ಕತ್ತಲಲ್ಲಿ ದಾರಿ ತಪ್ಪಿದ ‘ವಿಲ್ ದೊರ್ಲೆಯಾಂ’ ನಾರ್ವೆಯ ಹಿಮದಲ್ಲಿ ಹೋಗಿ ಇಳಿಯಿತು. ಎರಡು ಬಲೂನುಗಳು ಸಮುದ್ರದ ಪಾಲಾದವು.

ಗಾಳಿ ಒಯ್ದತ್ತ ಹೋಗುವ ಬಲೂನು ಹೊರಗೇನೋ ಹೋದೀತು, ಮರಳಿ ಬರಲಾರದು. ಈ ತೊಡಕಿಗೆ ಉತ್ತರವಾದದ್ದು ಅದೇ ಬಲೂನಿನ ಬುಟ್ಟಿಯಲ್ಲಿ ಪಯಣಿಸಿದ ಪಾರಿವಾಳ.

ಬಾಲದಲ್ಲಿ ಫಿಲ್ಮು

ಪಾರಿವಾಳ ಎಷ್ಟು ಭಾರ ಹೊತ್ತೀತು? ಸಂದೇಶಗಳನ್ನು ಕಿರಿದಾಗಿಸುವ ಕೆಲಸ ಹೊತ್ತು ಛಾಯಾಗ್ರಾಹಕ ರೆನೆ ದಾಗ್ರೊಂ ನವೆಂಬರ್ 12ರಂದು ಬಲೂನಿನಲ್ಲೇ ಪ್ಯಾರಿಸ್ ಬಿಟ್ಟು ಹೊರಟ. ಜೊತೆಗೆ ಹೊರಟ ಇನ್ನೊಂದು ಬಲೂನು ಪ್ರಷ್ಯನ್ನರ ಕೈಗೆ ಸಿಕ್ಕಿತು. ಹೇಗೋ ತೂರ್ ಪಟ್ಟಣ ತಲುಪಿದ ದಾಗ್ರೊಂ, ಸಂದೇಶಗಳನ್ನು ಅತಿ ಸಣ್ಣದಾಗಿ ಕೊಲೋಡಿಯನ್ ಫಿಲ್ಮಿನ ಮೇಲೆ ಇಳಿಸಿದ. ಬೆರಳ ತುದಿಗೆ ಭಾರವೇ ಗೊತ್ತಾಗದ ಒಂದೊಂದು ತುಣುಕಿನಲ್ಲಿ ಸಾವಿರಕ್ಕೂ ಹೆಚ್ಚು ಸಂದೇಶಗಳು. ಅವನ್ನು ಸುರುಳಿ ಸುತ್ತಿ, ಹಕ್ಕಿಯ ಗರಿಯ ಟೊಳ್ಳುಕಡ್ಡಿಯೊಳಗೆ ತುರುಕಿ, ಪಾರಿವಾಳದ ಬಾಲದ ಗರಿಗೆ ಕಟ್ಟುತ್ತಿದ್ದರು. ಪ್ಯಾರಿಸ್ಸಿನಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ಹಿಡಿದು ಪರದೆಯ ಮೇಲೆ ಅಕ್ಷರ ಮೂಡಿಸುವುದು, ಗುಮಾಸ್ತರು ಕೂತು ನಕಲು ಮಾಡುವುದು. ಹಾರಿಬಿಟ್ಟ ಹಕ್ಕಿಗಳಲ್ಲಿ ಊರು ಸೇರಿದ್ದು ಸುಮಾರು 60 ಮಾತ್ರ. ಚಳಿ, ಮಂಜು, ಬೇಟೆಗಾರರ ಗುಂಡು ಉಳಿದವನ್ನು ನುಂಗಿದವು. ಹಾಗಾಗಿ ಒಂದೇ ಸಂದೇಶವನ್ನು ಹಲವು ಹಕ್ಕಿಗಳ ಬಾಲಕ್ಕೆ ಕಟ್ಟಿ ಮತ್ತೆ ಮತ್ತೆ ಕಳಿಸಬೇಕಾಗುತ್ತಿತ್ತು.

ಎರಡು ಚಿತ್ರ, ಒಬ್ಬಳೇ ಹೆಣ್ಣು

ಸ್ವತಃ ಪ್ಯುವಿ ಆಗ ರಾಷ್ಟ್ರೀಯ ರಕ್ಷಣಾ ದಳದಲ್ಲಿದ್ದ. ಎರಡೂ ಚಿತ್ರಗಳಲ್ಲಿ ಬಣ್ಣ ಹೆಚ್ಚುಕಡಿಮೆ ಕಂದು ಒಂದೇ. ಕಪ್ಪು ಉಡುಪಿನ ಹೆಣ್ಣು ಪ್ಯಾರಿಸ್ ನಗರದ ಪ್ರತೀಕ. ‘ಬಲೂನು’ ಚಿತ್ರದಲ್ಲಿ ಅವಳು ನಮಗೆ ಬೆನ್ನು ಹಾಕಿದ್ದಾಳೆ. ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈ ಮೊಂ ವಲೇರಿಯೆಂ ಕೋಟೆಯ ಕಡೆ ಸಾಗುತ್ತಿರುವ ಬಲೂನಿನತ್ತ ಚಾಚಿದೆ. ‘ಪಾರಿವಾಳ’ದಲ್ಲಿ ನಮ್ಮತ್ತ ತಿರುಗಿದ್ದಾಳೆ; ಹಿಂದೆ ಹಿಮ ಬಿದ್ದ ಊರು, ಎದೆಗವಚಿಕೊಂಡ ಹಕ್ಕಿ, ಮೇಲೆರಗುವ ಗಿಡುಗವನ್ನು ತಡೆಯುವ ಕೈ. ಹೋಗುವ ಸುದ್ದಿಗೆ ಬೆನ್ನು, ಬರುವ ಸುದ್ದಿಗೆ ಮುಖ: ಪ್ಯುವಿಯ ಜಾಣ್ಮೆ ಇಲ್ಲಿದೆ.

ಪ್ರಷ್ಯನ್ನರು ಪಾರಿವಾಳ ಹಿಡಿಯಲು ಗಿಡುಗಗಳನ್ನು ತರಿಸಿದ್ದಾರೆಂಬ ಮಾತು ಆಗ ಊರೆಲ್ಲ ಹರಡಿತ್ತು. ಆದರೂ ಚಿತ್ರದ ಗಿಡುಗ ಶತ್ರುವಿನ ಸಂಕೇತವೇ ಹೆಚ್ಚು. ದಾಗ್ರೊಂನ ಫಿಲ್ಮಾಗಲಿ, ಕಣ್ಣು ಕಿರಿದು ಮಾಡಿ ಅಕ್ಷರ ಬಿಡಿಸುತ್ತಿದ್ದ ಗುಮಾಸ್ತರಾಗಲಿ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಸಂಪರ್ಕ ತಂತ್ರದ ನಿಜವಾದ ಹೊಸತನ ಇದ್ದದ್ದು ಅಲ್ಲಿ. ಆದರೆ ಫಿಲ್ಮನ್ನು ಎದೆಗವಚಿಕೊಂಡ ಹೆಣ್ಣನ್ನು ಯಾರು ನೋಡಿಯಾರು!

ಆಮೇಲೆ

ಇವುಗಳ ಕಲ್ಲಚ್ಚಿನ ಪ್ರತಿಗಳು ಜನರ ಕೈಗೂ ತಲುಪಿದವು. 1871ರ ಶಿಕಾಗೊ ಅಗ್ನಿದುರಂತದ ಸಂತ್ರಸ್ತರ ನೆರವಿಗೆ ನಡೆದ ಲಾಟರಿಗೆ ಪ್ಯುವಿ ಮೂಲಚಿತ್ರಗಳನ್ನೇ ಕೊಟ್ಟುಬಿಟ್ಟ. ಹೀಗೆ ಅವು ಅಮೆರಿಕ ಸೇರಿದವು. 1987ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರ ಕೊಡುಗೆಯಾಗಿ ಪ್ಯಾರಿಸ್ಸಿನ ಮ್ಯೂಸೆ ದೋರ್ಸೆಗೆ ಬಂದು, ಈಗ ಅದರ ಸಂಗ್ರಹದಲ್ಲಿವೆ.